ಅಂಗುಳಿನ ತನಿಖೆ

ಶ್ರಾವಣದ ಶುಕ್ರವಾರ, ಬೆಳಿಗ್ಗೆ ಆರೂಕಾಲು. ಹಾಜರಿದ್ದವರು: ನಾನು, ನನ್ನ ಹೆಂಡತಿ ಶಾಂತಾ, ಏಕಸಂಬಿಯಿಂದ ಬಂದ ಅವಳ ತಮ್ಮ ಭರಮಾ. ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಮುದುಕನಾದವನಿಗೆ ಹಾಜರಿ ಹಿಡಿಯದೆ ಮಾತು ಆರಂಭಿಸಲು ಬರುವುದಿಲ್ಲ. ಅನುಮಾನಪಡದೆ ಇನ್ನೊಬ್ಬರ ಮಾತು ಕೇಳಲೂ ಬರುವುದಿಲ್ಲ.

ತಿಂಗಳಿಂದ ನನ್ನ ಕಟ್ಟಿಸಿದ ಹಲ್ಲಿನ ಕೆಳಗೆ ಅಂಗುಳು ಉರಿಯುತ್ತಿತ್ತು. ಮೊದಲು ಶಾಂತಾಳ ಖಾರದ ಪುಡಿಯ ಮೇಲೆ ಅನುಮಾನಪಟ್ಟೆ. ಅವಳು ಎರಡು ದಿನ ಬರೀ ಗಂಜಿ ಬಡಿಸಿ ಆ ಅನುಮಾನ ಬಿಡಿಸಿದಳು. ಉರಿಗಿಂತ ದೊಡ್ಡ ಭಯ ಬೇರೆ ಇತ್ತು. ಯಾರಾದರೂ ಹಲ್ಲು ತೆಗೆಯಿರಿ ಎಂದಾರು. ಹಲ್ಲು ಕಟ್ಟಿಸಿದಂದಿನಿಂದ ಬೊಚ್ಚು ಬಾಯಿಯನ್ನು ಹೆಂಡತಿಗೂ ತೋರಿಸಿದವನಲ್ಲ ನಾನು. ಬಚ್ಚಲಲ್ಲಿ ಚಿಲಕ ಹಾಕಿಕೊಂಡು ತೊಳೆದು, ತಕ್ಷಣ ಹಾಕಿಕೊಳ್ಳುವುದು. ಮಲಗುವಾಗಲೂ ಹಲ್ಲು ಬಾಯಲ್ಲೇ.

ಸೋಮವಾರ ಭರಮಾ ಒಂದು ಸಣ್ಣ ಬಾಟಲಿ ತಂದುಕೊಟ್ಟಿದ್ದ. ಕಬ್ಬಿನ ಬದುವಿನಲ್ಲಿ ಬೆಳೆದ ನಿಂಬೆಹುಲ್ಲಿನಿಂದ ತಾನೇ ಇಳಿಸಿದ ಎಣ್ಣೆ. "ದಾಜಿ, ಇದು ಬಾಯಾಗಿನ ಬೂಸರ ಐತ್ರಿ. ಎರಡು ಹನಿ ಹಚ್ರಿ, ಸತ್ತ ಹೋಗತೈತಿ," ಎಂದಿದ್ದ. ಅಕ್ಕನ ಗಂಡ ಅವನಿಗೆ ದಾಜಿ. ಸಾಯುವುದು ಬೂಸರೋ ದಾಜಿಯೋ ಎಂದು ನಾನು ಎರಡು ತುಂಡು ರೊಟ್ಟಿ ನೆನೆಸಿ, ಒಂದಕ್ಕೆ ಮಾತ್ರ ಎಣ್ಣೆ ಸವರಿ, ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಈಗ ಮೂವರ ಸಮಕ್ಷಮ ತೆರೆದರೆ, ಒಂದರಲ್ಲಿ ಹಸಿರು ಬೂಸರು. ಎಣ್ಣೆ ಹಚ್ಚಿದ್ದು ಸ್ವಚ್ಛ. ಭರಮಾ ಮೀಸೆ ತಿರುವಿದ. ಮೈದುನನ ಮಾತು ಒಮ್ಮೆಲೇ ನಿಜವಾದದ್ದೇ ನನಗೆ ಇನ್ನಷ್ಟು ಅನುಮಾನ ತಂದಿತು. ಎರಡೂ ಡಬ್ಬಿ ಚೀಲಕ್ಕೆ ಹಾಕಿಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ.

ಹಲ್ಲಿನ ಡಾಕ್ಟರಬಾಯಿ ನಗದೆ ಡಬ್ಬಿ ನೋಡಿದರು. ಇಂಥ ಎಣ್ಣೆಗಳಿಗೆ ಶಿಲೀಂಧ್ರ ತಡೆಯುವ ಗುಣ ಇರುವುದು ನಿಜ, ಆದರೆ ರೊಟ್ಟಿಗೆ ಉರಿ ತಿಳಿಯುವುದಿಲ್ಲ, ಹಸಿ ಎಣ್ಣೆ ಬಿದ್ದರೆ ಅಂಗುಳು ಸುಟ್ಟೀತು ಎಂದರು. ಔಷಧದ ಹನಿ ಬರೆದುಕೊಟ್ಟು ಕೇಳಿದರು: "ಸರ್, ರಾತ್ರಿ ಹಲ್ಲು ತಗದ ಇಡತೀರಿಲ್ರಿ?"

ಇಲ್ಲವೇ ಇಲ್ಲ, ಒಂದು ದಿನವೂ ಇಲ್ಲ ಎಂದು ಎದೆ ಸೆಟೆಸಿ ಹೇಳಿದೆ.

"ಮತ್ತ ಬೂಸರ ಸಾಕಿದವರು ನೀವ ಅದೀರಿ," ಎಂದರು.

ಸಂಜೆ ಏಳೂವರೆಗೆ ಊಟ, ಎಂಟಕ್ಕೆ ಔಷಧ. ಬಟ್ಟಲಿಗೆ ನೀರು ಹಾಕಿ ಹಲ್ಲು ತೆಗೆದಿಟ್ಟು ತಿರುಗಿದರೆ ಶಾಂತಾ ಬಾಗಿಲಲ್ಲಿ. ನಗುತ್ತಾಳೆಂದುಕೊಂಡೆ. ಅವಳು ಗಡಬಡಿಸಿ ತಲೆ ತುಂಬ ಸೆರಗು ಹೊದ್ದು ಪಕ್ಕಕ್ಕೆ ಸರಿದಳು. ಆಮೇಲೆ ಮೆಲ್ಲಗೆ, "ಮಾವಾರ ಬಂದು ನಿಂತಾಂಗ ಆತ್ರಿ," ಎಂದಳು.

ಕೇಳದೆಯೇ ತಂಬಿಗೆ ನೀರು ತಂದಿಟ್ಟು, ಎದುರು ಮಾತಾಡದೆ ಹೋದಳು. ಮದುವೆಯಾದಂದಿನಿಂದ ಇಷ್ಟು ಮರ್ಯಾದೆ ಕಂಡವನಲ್ಲ ನಾನು. ಅದು ನನಗೆ ಸಂದದ್ದೋ, ತೀರಿಹೋದ ನಮ್ಮ ಬೊಚ್ಚು ಬಾಯಿಯ ಅಪ್ಪನಿಗೆ ಸಂದದ್ದೋ ಎಂಬ ಅನುಮಾನದಲ್ಲೇ ಬಟ್ಟಲ ಮೇಲೆ ತಟ್ಟೆ ಮುಚ್ಚಿದೆ.