ಎರಡು ಪಫ್ಸ್ ಮತ್ತು ಒಂದು ದುರ್ಬಲ ಹೃದಯ

ವಿಮಾನ ಇನ್ನೂ ನೆಲದ ಮೇಲೇ ಇತ್ತು. ತಿಂಡಿಯ ಬೆಲೆ ಮಾತ್ರ ಆಗಲೇ ಆಕಾಶಕ್ಕೆ ಹಾರಿತ್ತು. ಹೊಲಿಗೆಯಂಗಡಿ ಇಟ್ಟುಕೊಂಡು ಬೀದಿಗೆಲ್ಲ ದರ್ಜಿಯಪ್ಪ ಎನಿಸಿಕೊಂಡವನು, ಇಲ್ಲಿನ ಒಂದು ಕಾಫಿಯ ದುಡ್ಡಿಗೆ ಒಂದು ಅಂಗಿಯನ್ನೇ ಹೊಲಿದು ಕೊಡುತ್ತೇನೆ ಎಂದು ಗೊಣಗಿದ. (ಗುಂಡಿ, ಕಾಜಾ ಸೇರಿಸಿ.) ಭಾಮೈದನ ಮದುವೆ ಮಾರನೆ ಬೆಳಗ್ಗೆಯೇ, ಈ ವಿಮಾನ ತಪ್ಪಿದರೆ ಮದುವೆಯೂ ತಪ್ಪಿದಂತೆ. ಅದಕ್ಕೇ ಹೆಡ್ ನರ್ಸ್ ಆಗಿದ್ದ ಹೆಂಡತಿ, ಇಡೀ ವಾರ್ಡನ್ನು ಹದ್ದುಬಸ್ತಿನಲ್ಲಿಡುವ ಅದೇ ದನಿಯಲ್ಲಿ, ಕೂತಲ್ಲಿಂದ ಏಳಕೂಡದೆಂದು ಅಪ್ಪಣೆ ಕೊಡಿಸಿದ್ದಳು.

ಅಷ್ಟರಲ್ಲಿ ಅವನ ಮೂಗು ಕೈಕೊಟ್ಟಿತು. ಎಲ್ಲಿಂದಲೋ ಬೆಣ್ಣೆಯ ಘಮ. ಶೌಚಾಲಯಕ್ಕೆಂದು ಹೇಳಿ ಎದ್ದವನು ವಾಸನೆ ಹಿಡಿದು ನಡೆದ. ದೂರದ ಮೂಲೆಯಲ್ಲಿ, ಗುಡಿಸುವವರೂ ಸಾಮಾನು ಹೊರುವವರೂ ಸಾಲು ನಿಂತಿದ್ದ ಒಂದು ಪುಟ್ಟ ಬೇಕರಿ. ಬಿಸಿಬಿಸಿ ಪಫ್ಸ್, ಬೆಲೆ ತನ್ನ ಬೀದಿಯ ಬೇಕರಿಯದೇ. ನಂಬಿಕೆಯಾಗದೆ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ. ನಿಧಿ ಸಿಕ್ಕವನ ಹಾಗೆ ಮೈ ಜುಂ ಎಂದಿತು. ಆದರೆ ಮುಂದಿನ ತಟ್ಟೆ ಇನ್ನೂ ಓವನ್ನಿಂದ ಹೊರಬರಬೇಕಿತ್ತು. ಕಾದ. ಅಂತೂ ಪೊಟ್ಟಣ ಕೈಗೆ ಬರುವ ಹೊತ್ತಿಗೆ ಧ್ವನಿವರ್ಧಕ ಅವನ ಹೆಸರು ಹಿಡಿದು ಕರೆಯಿತು. ಇಷ್ಟು ದೊಡ್ಡ ಕಟ್ಟಡದಲ್ಲಿ ತನ್ನ ಹೆಸರು ಮೊಳಗಿದ್ದಕ್ಕೆ ದರ್ಜಿಯಪ್ಪ ಉಬ್ಬಿಹೋಗಿ, "ಅದು ನಾನೇ" ಎಂದು ಪಕ್ಕದವನಿಗೆ ಹೇಳಿದ. ಹಾಗಾದರೆ ಓಡಬೇಕಲ್ಲವೇ ಎಂದು ಪಕ್ಕದವನು ಕೇಳಿದಾಗಲೇ ವಿಷಯ ತಲೆಗೆ ಹೊಕ್ಕಿದ್ದು.

ಓಡಿದ. ಪೊಟ್ಟಣವನ್ನು ಎದೆಗೆ ಅವಚಿಕೊಂಡು, ಅದರ ಬಿಸಿಗೆ ಮುಖ ಕಿವಿಚುತ್ತಾ, ಏದುಸಿರು ಬಿಡುತ್ತಾ ವಿಮಾನ ಹತ್ತುವ ಬಾಗಿಲು ಮುಟ್ಟಿದರೆ, ಅಲ್ಲಿ ಬೈಗುಳದ ಬದಲು ಗಾಲಿಕುರ್ಚಿ ಕಾದಿತ್ತು. ಬಾಗಿಲು ಮುಚ್ಚದಂತೆ ತಡೆಯಲು ಹೆಂಡತಿ, ನಮ್ಮ ಯಜಮಾನರಿಗೆ ಹೃದಯ ಬಹಳ ವೀಕು, ಎಲ್ಲೋ ಸುಧಾರಿಸಿಕೊಳ್ಳುತ್ತಿರಬೇಕು ಎಂದು ಹೇಳಿ ಸಿಬ್ಬಂದಿಯ ಕಣ್ಣಲ್ಲಿ ನೀರು ತರಿಸಿಬಿಟ್ಟಿದ್ದಳು. ಎದೆ ಹಿಡಿದುಕೊಂಡೇ ಬಂದ ಗಂಡನನ್ನು ಕಂಡ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

"ಕೂತ್ಕೊಳ್ಳಿ. ಒಂದು ಮಾತೂ ಆಡ್ಬೇಡಿ," ಎಂದಳು. ಅವಳ ಕಣ್ಣು ನೋಡಿ ದರ್ಜಿಯಪ್ಪನ ಎದೆ ನಿಜವಾಗಿಯೂ ಡವಗುಟ್ಟಿತು.

ವಿಮಾನ ಮೇಲೇರಿದ ಮೇಲೆ ಮೆಲ್ಲಗೆ ಪೊಟ್ಟಣ ಬಿಚ್ಚಿದ. ಗಗನಸಖಿ ಗಾಬರಿಯಿಂದ ಬಂದು, ಇಷ್ಟೊಂದು ಬೆಣ್ಣೆ ಇವರಿಗೆ ಆಗುತ್ತದೆಯೇ ಎಂದು ವಿಚಾರಿಸಿದಳು.

"ಖಂಡಿತ ಆಗಲ್ಲ," ಎಂದಳು ಹೆಂಡತಿ, ಪೊಟ್ಟಣವನ್ನು ತನ್ನ ಮಡಿಲಿಗೆ ಎಳೆದುಕೊಳ್ಳುತ್ತಾ. "ಬಿಸಿನೀರಿದ್ರೆ ಕೊಡಿ, ಸಾಕು."

ಒಂದು ಪಫ್ಸ್ ಮುಗಿಯಿತು. ಎರಡನೆಯದಕ್ಕೆ ಅವಳ ಹಲ್ಲು ತಾಗಿದ ಗರಿಗರಿ ಸದ್ದು ಎಂಜಿನ್ನಿನ ಮೊರೆತವನ್ನೂ ಮೀರಿ ಅವನ ಕಿವಿಗೆ ಬಿತ್ತು. ಒಂದು ಚೂರಾದರೂ ಕೊಡೇ ಎಂದು ಪಿಸುಗುಟ್ಟಿದ. ಮಾತಾಡಿದರೆ ಆಯಾಸವಾಗುತ್ತದೆ ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಪಕ್ಕದ ಸಾಲಿನ ಅಜ್ಜಿಯೊಬ್ಬರಿಗೆ ಕರುಳು ಚುರ್ ಎಂದಿತು. "ಎದೆನೋವಲ್ಲೂ ಹೆಂಡ್ತಿಗೆ ತಿಂಡಿ ತಂದಿದ್ದಾರೆ. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣಮ್ಮ."

"ಹೌದಜ್ಜಿ," ಎನ್ನುತ್ತಾ ಅವಳು ಕೊನೆಯ ತುಣುಕನ್ನೂ ಬಾಯಿಗೆ ಹಾಕಿಕೊಂಡಳು.

ದರ್ಜಿಯಪ್ಪ ಬಿಸಿನೀರು ಕುಡಿದ.