ದೇವರ ಮನೆಯ ದೊಡ್ಡ ಕಂಪ್ಯೂಟರ್

ಸ್ನಾನದ ವಿಷಯದಲ್ಲಿ ನಾನು ಮೊದಲಿನಿಂದಲೂ ತ್ಯಾಗಿ. ಬಿಸಿನೀರನ್ನು ಮನೆಯವರಿಗೆಲ್ಲ ಬಿಟ್ಟುಕೊಟ್ಟು, ಮುಖಕ್ಕೆ ನಾಲ್ಕು ಹನಿ ಚಿಮುಕಿಸಿಕೊಂಡು, ಪೌಡರ್ ಬಳಿದು ಲಿಂಗಸುಗೂರಿನಿಂದ ಮೊದಲ ಬಸ್ಸು ಹಿಡಿಯುತ್ತಿದ್ದವನು. ಕಂಪ್ಯೂಟರ್ ಕೂಡಿಸುವವನಿಗೆ ತಲೆಯೊಂದಿದ್ದರೆ ಸಾಕು, ತೊಳೆದ ಮೈ ಯಾಕೆ ಎಂಬುದು ನನ್ನ ಸಿದ್ಧಾಂತ. ಅದು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ನೀರುಪಾಲಾಯಿತು.

ತೊಂಬತ್ತರ ದಶಕದ ಮಾತು. ಗಿರಣಿಯ ತೌಡಿನ ಧೂಳು ಹೊಟ್ಟೆಗೆ ಹೋಗಿ ಕಂಪ್ಯೂಟರಿನ ಡಿಸ್ಕುಗಳು ಒಂದರ ಹಿಂದೊಂದು ಕಣ್ಣು ಮುಚ್ಚುತ್ತಿದ್ದವು. ನಾನು ಎದೆ ಉಬ್ಬಿಸಿ ಉಪಾಯ ಹೇಳಿದೆ: ಗಿರಣಿಯಲ್ಲೂ ಲಾರಿ ತೂಗುವ ಕಾಟಾದಲ್ಲೂ ಡಿಸ್ಕೇ ಇಲ್ಲದ ಕಂಪ್ಯೂಟರ್ ಇಡೋಣ, ಧೂಳಿಲ್ಲದ ಜಾಗದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಇದ್ದರೆ, ಉಳಿದವೆಲ್ಲ ಕೇಬಲ್ಲಿನ ಮೂಲಕ ಅದರಿಂದಲೇ ಬೇಕಾದದ್ದನ್ನು ಪಡೆದು ಶುರುವಾಗುತ್ತವೆ.

"ಅಂದ್ರ ಒಬ್ಬಾಕಿ ಅಡಿಗಿ ಮಾಡೋದು, ಮನಿಮಂದಿ ಎಲ್ಲಾ ಉಣ್ಣೋದು," ಎಂದರು ಗಿರಣಿಯ ಸಾವಕಾರ ಶರಣಪ್ಪನವರು. "ಆದ್ರ ಸುಗ್ಗಿಯಾಗ ಒಮ್ಮಿ ಕಾಟಾ ನಿಂತ್ರೂ ಎಲ್ಲಾ ಗಂಟು ಕಟ್ಟಿ ನಿಮ್ಮ ಊರಿಗೇ ಕಳಸ್ತೀನಿ ನೋಡ್ರಿ."

ಧೂಳಿಲ್ಲದ ಜಾಗ ಹುಡುಕಿದರೆ, ಗಿರಣಿಗೆ ಅಂಟಿಕೊಂಡ ಅವರ ಮನೆಯಲ್ಲಿ ಸಿಕ್ಕಿದ್ದು ಒಂದೇ: ಅವರ ತಾಯಿ ಬಸಮ್ಮನವರು ದಿನಾ ಒರೆಸುವ ದೇವರ ಮನೆ. ಒಂದು ಮೂಲೆ ಬಿಟ್ಟುಕೊಟ್ಟ ಅವ್ವ ಹಾಕಿದ ಷರತ್ತು, ಜಳಕ ಮಾಡದೆ ಯಾರೂ ಒಳಗೆ ಬರಕೂಡದು. ನಾನು ತಲೆಯಾಡಿಸಿದೆ. ತಲೆಯಾಡಿಸಲು ನೀರು ಬೇಕಿಲ್ಲವಲ್ಲ.

ಸುಗ್ಗಿ ಬಂತು. ಒಂದು ಸೋಮವಾರ ದಢೇಸುಗೂರಿನ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿರುವಾಗಲೇ ಎಲ್ಲ ಕಂಪ್ಯೂಟರುಗಳೂ ಒಟ್ಟಿಗೇ ಸ್ತಬ್ಧವಾದವು. ಅಂದು ನಾನೂ ಗಿರಣಿಯಲ್ಲೇ ಇದ್ದೆ. ದೇವರ ಮನೆಗೆ ಓಡಿದರೆ ಬಾಗಿಲಲ್ಲೇ ಅವ್ವ.

"ಜಳಕ ಆಗೇತೇನೋ ತಮ್ಮಾ?"

"ಅವ್ವಾ, ಲಾರಿ ನಿಂತಾವ..."

"ನಿಂದ್ರಲಿ ಬಿಡು. ಜಳಕ ಇಲ್ದ ಒಳಗ ಬಂದ್ರ ದೇವ್ರೂ ನಿಂತುಬಿಡ್ತಾನ."

ದೇವರೆದುರು ಸುಳ್ಳು ಹೇಳುವ ಧೈರ್ಯವಾಗಲಿಲ್ಲ. ಲಾರಿಗಳ ಹಾರ್ನ್ ಕೇಳುತ್ತ ತಣ್ಣೀರು ಸುರಿದುಕೊಂಡು, ಸಾವಕಾರರ ಧೋತರ ಸುತ್ತಿಕೊಂಡು, ನಡುಗುತ್ತ ಒಳಹೊಕ್ಕೆ. ದೊಡ್ಡ ಕಂಪ್ಯೂಟರ್ ಆರೋಗ್ಯವಾಗಿಯೇ ಇತ್ತು. ಆದರೆ ಕೇಬಲ್ಲಿನ ತುದಿಗೆ ಹಾಕಿದ್ದ ಲೋಹದ ಪುಟ್ಟ ಟೋಪಿ ಮಾಯವಾಗಿತ್ತು. ಅದಿಲ್ಲದಿದ್ದರೆ ಯಾವ ಕಂಪ್ಯೂಟರಿನ ಮಾತೂ ಇನ್ನೊಂದಕ್ಕೆ ಮುಟ್ಟುವುದಿಲ್ಲ. ನೋಡಿದರೆ, ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟ ಗಂಟೆ, ದೀಪಗಳ ನಡುವೆ ಅದೂ ಫಳಫಳ ಹೊಳೆಯುತ್ತಿತ್ತು.

"ಕರ್ರಗಾಗಿತ್ತಪಾ. ಸೋಮಾರ ಅಲ್ಲೇನು, ತಿಕ್ಕೀನಿ," ಎಂದರು ಅವ್ವ.

ಒರೆಸಿ ಸಿಕ್ಕಿಸಿದೆ. ಹೊರಗೆ ಕಾಟಾ ಶುರುವಾಯಿತು. ಸಾವಕಾರರು ನನ್ನ ಒದ್ದೆ ತಲೆಗೆ ಕೈಮುಗಿದು, "ನೋಡ್ರಿ, ಮೈಮ್ಯಾಲ ನೀರು ಬಿದ್ದಕೂಡ್ಲೇ ನಡೀತು!" ಎಂದರು. ಟೋಪಿಯ ಕತೆಯನ್ನು ಎಷ್ಟು ಬಿಡಿಸಿ ಹೇಳಿದರೂ ಯಾರೂ ನಂಬಲಿಲ್ಲ.

ಸುದ್ದಿ ಮಸ್ಕಿಯ ಹತ್ತಿ ಗಿರಣಿಗೂ ಮುಟ್ಟಿತು. ಅಲ್ಲಿಯ ಕಂಪ್ಯೂಟರುಗಳು ಕೆಟ್ಟು ನನ್ನನ್ನು ಕರೆಸಿದಾಗ ಕೇಳಿದ ಮೊದಲ ಪ್ರಶ್ನೆಯೇ, "ಜಳಕ ಆಗೇತೇನ್ರೀ?" ನಾನು ನಕ್ಕು, ಮೂಢನಂಬಿಕೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ ಕೆಲಸಕ್ಕೆ ಕೂತೆ. ಮಧ್ಯಾಹ್ನದವರೆಗೆ ಕೇಬಲ್ಲು, ಟೋಪಿ ಎಲ್ಲ ಬದಲಿಸಿದೆ. ಏನೂ ನಡೆಯಲಿಲ್ಲ. ಕೊನೆಗೆ ಅತ್ತಿತ್ತ ನೋಡಿ, ಬಚ್ಚಲು ಎಲ್ಲಿದೆ ಎಂದು ವಾಚ್‌ಮನ್‌ನನ್ನು ಮೆಲ್ಲಗೆ ಕೇಳಿದೆ.