ಐನೂರು ಹಕ್ಕಿಗಳ ಲೆಕ್ಕ

ಈ ವರ್ಷ ವಲಸೆ ಹಕ್ಕಿಗಳು ಐನೂರಕ್ಕಿಂತ ಕಡಿಮೆ ಇಳಿದರೆ ಜೌಗಿಗೆ ಮಣ್ಣು ತುಂಬಿಸಿ, ಹಕ್ಕಿ ಎಣಿಸುವವನನ್ನು ಮನೆಗೆ ಕಳಿಸುವುದು ಎಂದು ಮೇಲಿನಿಂದ ಕಾಗದ ಬಂದಿತ್ತು. ಮೇಲಿನವರ ಬುದ್ಧಿಗೆ ಏನೆನ್ನಬೇಕೋ! ಇಪ್ಪತ್ತೆರಡು ವರ್ಷ ದೋಣಿಯಲ್ಲಿ ಕೂತು ಬೆನ್ನು ಬಾಗಿಸಿಕೊಂಡ ಆ ಬಡಪಾಯಿಗೆ ಹಕ್ಕಿ ಎಣಿಸುವುದು ಬಿಟ್ಟರೆ ಬೇರೇನೂ ಬಾರದು.

ಕಡೆಯ ಎಣಿಕೆಯ ದಿನ ಬೆಳಗ್ಗೆ ಅವನು ಹುಟ್ಟು ಹಿಡಿದು ಹೊರಟರೆ, ಹೆಂಡತಿಯ ತಮ್ಮ ಬಡಗಿ ಕರೆಯದೆ ಬಂದು ದೋಣಿಯಲ್ಲಿ ಕುಕ್ಕರಿಸಿದ. ದೋಣಿ ವಾಲಿ ಬುತ್ತಿ ನೀರುಪಾಲಾಯಿತು.

“ಹರಳೆಣ್ಣೆ ಕುಡಿದೋರ ಹಾಗೆ ಯಾಕೆ ಮುಖ ಮಾಡ್ಕೊಂಡಿದ್ದೀರಿ ಭಾವ? ನಾನಿದ್ದೀನಲ್ಲ!”

“ನೀನಿದ್ದೀಯ ಅನ್ನೋದೇ ಭಯ ಕಣೋ.”

ಜೊಂಡಿನ ಸಂದಿಗೊಂದಿಯೆಲ್ಲ ಸುತ್ತಿದರೂ ಸಿಕ್ಕಿದ್ದು ಮುನ್ನೂರ ಹನ್ನೆರಡು. ಅಷ್ಟರಲ್ಲಿ ತಿರುವಿನಾಚೆ ಬಾತುಗಳ ದೊಡ್ಡ ಹಿಂಡು, ಎಣಿಸಿದರೆ ಸರಿಯಾಗಿ ಇನ್ನೂರು! ಕಣ್ಣು ಒದ್ದೆಯಾಗಿ ಹುಟ್ಟು ತಪ್ಪಿ ದೋಣಿ ಒಂದು ಬಾತಿಗೆ ಬಡಿಯಿತು. ಬಾತು ‘ಟಕ್’ ಎಂದಿತು.

“ಮೂರು ತಿಂಗಳ ಮರದ ಕೆತ್ತನೆ ಭಾವ. ಬುಡಕ್ಕೆ ಕಲ್ಲು ಕಟ್ಟಿದ್ದೀನಿ, ಎಲ್ಲೂ ಹೋಗಲ್ಲ.”

“ನಿನ್ನ ಮನೆ ಹಾಳಾಗ! ನನ್ನ ಜೈಲಿಗೆ ಕಳಿಸ್ತೀಯೇನೋ?”

“ಅಕ್ಕನ ಮುಖ ನೆನೆಸ್ಕೊಳ್ಳಿ.”

ಅವನು ನೆನೆಸಿಕೊಂಡ. ಲೆಕ್ಕದ ಪುಸ್ತಕದಲ್ಲಿ ಐನೂರ ಹನ್ನೆರಡು ಎಂದು ಬರೆದ. ಅಷ್ಟು ವರ್ಷಗಳಲ್ಲಿ ಅದು ಅವನು ಬರೆದ ಮೊದಲ ಸುಳ್ಳು.

ದಡದಲ್ಲಿ ಕಾಯುತ್ತಿದ್ದ ಇಲಾಖೆಯ ಸಾಹೇಬರು ಲೆಕ್ಕ ನೋಡಿ ಖುಷಿಯಿಂದ ಜೋರಾಗಿ ಚಪ್ಪಾಳೆ ತಟ್ಟಿದರು. ಮುನ್ನೂರ ಹನ್ನೆರಡು ಹಕ್ಕಿಗಳು ಭರ್ರನೆ ಎದ್ದುಹೋದವು. ಇನ್ನೂರು ಕದಲಲಿಲ್ಲ. ಸಾಹೇಬರು ಜೀಪಿನ ಹಾರ್ನ್ ಹೊಡೆಸಿದರು. ಒಂದಾದರೂ ಕತ್ತು ಹೊರಳಿಸಬೇಡವೇ? ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ಸರಿದರು.

“ಹಕ್ಕಿಜ್ವರ ಕಣ್ರೀ! ಲಕ್ವ ಹೊಡೆದು ಕೂತಲ್ಲೇ ಕೂತಿವೆ! ಇವತ್ತೇ ಸುಣ್ಣ ಸುರಿದು ಜೌಗು ಮುಚ್ಚಿಸಿ. ನೀವಿಬ್ಬರೂ ಅವನ್ನ ಮುಟ್ಟಿದ್ದೀರಾ?”

ಎಣಿಸುವವನು ಬಾಯಿ ತೆರೆದ. ನಿಜ ಹೇಳಿದರೆ ಮುನ್ನೂರ ಹನ್ನೆರಡು, ಜೌಗಿಗೆ ಮಣ್ಣು. ಹೇಳದಿದ್ದರೆ ಹಕ್ಕಿಜ್ವರ, ಆಗಲೂ ಮಣ್ಣು.

ಮಧ್ಯಾಹ್ನಕ್ಕೆ ಲಾರಿಗಳು ಮಣ್ಣು ಸುರಿಯತೊಡಗಿದವು. ಇಬ್ಬರನ್ನೂ ಆಸ್ಪತ್ರೆಯ ಒಂದು ಕೋಣೆಗೆ ತಳ್ಳಿ ಹೊರಗಿನಿಂದ ಬೀಗ ಹಾಕಿದರು. ಕಿಟಕಿಯಾಚೆ ಹಕ್ಕಿಗಳು ಇಳಿಯಲು ಜಾಗವಿಲ್ಲದೆ ಸುತ್ತುತ್ತಿದ್ದವು. ರೂಢಿಯಂತೆ ಎಣಿಸಿದ. ಮುನ್ನೂರ ಹನ್ನೆರಡು, ಒಂದೂ ತಪ್ಪಿರಲಿಲ್ಲ. ಅವನಿಗೆ ಅಳು ಬಂತು.

“ಭಾವ,” ಬಡಗಿ ಮೆಲ್ಲಗೆ ಅಂದ, “ರೆಕ್ಕೆ ಅಲ್ಲಾಡೋ ಹಾಗೆ ಸ್ಪ್ರಿಂಗ್ ಇಡೋಣ ಅಂತಿದ್ದೆ. ನೀವು ಬೈತೀರಿ ಅಂತ ಬಿಟ್ಟೆ.”